ಗದಗ-ಬೆಟಗೇರಿ ಕಡೆಯ ಹಳೆ ಚರ್ಚು: ವಾರದ ದಿನ ಓದುವ ಮನೆ, ಸಭಾಂಗಣ ಮಾಡುವುದಾದರೆ ಕೆಲಸ ಎಲ್ಲಿಂದ ಶುರು?

ಬೆಟಗೇರಿಮಗ್ಗ

ಬಾಸೆಲ್ ಮಿಶನ್ ಪರಂಪರೆಯ ಹಳೆ ಚರ್ಚು. ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದವರು. ಈ ಕಟ್ಟಡ ಅಷ್ಟು ಹಿಂದಿನದಲ್ಲ, ಆದರೆ ನೂರು ವರ್ಷ ದಾಟಿದೆ. ಭಾನುವಾರದ ಆರಾಧನೆಗೆ ನಲವತ್ತು ಜನ ಬಂದರೆ ಹೆಚ್ಚು, ಉಳಿದ ಆರು ದಿನ ಬೀಗ. ಆರಾಧನೆ ಹಾಗೇ ನಡೆಯಲಿ, ವಾರದ ದಿನಗಳಲ್ಲಿ ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಓದುವ ಮನೆ, ಸಂಜೆ ಸಂಗೀತ ಕ್ಲಾಸು, ತಿಂಗಳಿಗೆ ಎರಡು ಮೂರು ಸಲ ನೂರು ಜನರ ಸಭೆ ಇಷ್ಟಕ್ಕೆ ಕೊಡೋಣ ಅಂತ ನಮ್ಮ ಚರ್ಚು ಸಭೆಯ ಕಮಿಟಿಯಲ್ಲಿ ಒಮ್ಮತ ಆಗಿದೆ.

ಒಳಗೆ 18 ಮೀಟರ್ ಉದ್ದ, 9 ಮೀಟರ್ ಅಗಲ. ಕಲ್ಲು-ಸುಣ್ಣದ ಗೋಡೆ ಎರಡು ಫೂಟು ದಪ್ಪ, 4.5 ಮೀಟರ್ ಎತ್ತರ. ಆರು ಸಾಗವಾನಿ ಕೈಂಚಿ (ಮಾಡು ಹೊರುವ ತ್ರಿಕೋನದ ಮರದ ಚೌಕಟ್ಟು), ಮೇಲೆ ಮಂಗಳೂರು ಹಂಚು, ನೆತ್ತಿಯ ಎತ್ತರ 8.5 ಮೀಟರ್. ನೆಲಕ್ಕೆ ಶಹಾಬಾದ್ ಫರಸಿ. ಎದುರಿನ ರಸ್ತೆ ಏರುತ್ತ ಬಂದು ಎರಡೂವರೆ ಫೂಟಿನ ಕಟ್ಟೆ ಈಗ ಒಂದೂವರೆ ಫೂಟು ಉಳಿದಿದೆ. ಗೋಡೆಯ ಕೆಳಗಿನ ನಾಲ್ಕು ಫೂಟಿಗೆ ಒಳಗೂ ಹೊರಗೂ ಸಿಮೆಂಟ್ ಗಿಲಾಯ (ಪ್ಲಾಸ್ಟರ್) ಮಾಡಿದ್ದಾರೆ. ಅದು ಉಬ್ಬಿ ಉದುರುತ್ತಿದೆ, ಅದರ ಮೇಲೆ ಬಿಳಿ ಉಪ್ಪು. ನೈಋತ್ಯ ಮೂಲೆಯಲ್ಲಿ ಬಿರುಕು: ಮೇಲೆ 8 ಮಿ.ಮೀ., ಕೆಳಗೆ ಬರುತ್ತ ಕೂದಲೆಳೆ. ಅದೇ ಮೂಲೆಯಿಂದ ನಾಲ್ಕು ಮೀಟರಿಗೆ ದೊಡ್ಡ ಬೇವಿನ ಮರ. ಕರಿ ಎರೆ ನೆಲ.

ಕಂತ್ರಾಟುದಾರರ ಅಂದಾಜು ಹೀಗಿದೆ: ಪಿಒಪಿ ಫಾಲ್ಸ್ ಸೀಲಿಂಗ್, ಎರಡು ಟನ್ನಿನ ನಾಲ್ಕು ಎಸಿ, ಫರಸಿಯ ಮೇಲೆ ವಿಟ್ರಿಫೈಡ್ ಟೈಲ್, ಗೋಡೆಗೆ ಮತ್ತೆ ವಾಟರ್‌ಪ್ರೂಫ್ ಸಿಮೆಂಟ್ ಗಿಲಾಯ, ಎಮಲ್ಶನ್ ಬಣ್ಣ. ಇದು ಸರಿಯೇ? ಮಾತಾಡಿದರೆ ಒಳಗೆ ದನಿ ಗುಂಯ್ ಅನ್ನುತ್ತದೆ, ಅದಕ್ಕೇನು? ಯಾರ ಯಾರ ಪರವಾನಗಿ ಬೇಕು?

ಸುಣ್ಣಗಚ್ಚು

ಆ ಅಂದಾಜಿನ ಐದೂ ಬಾಬು ಬೇಡ. ಎಸಿ ಬಿಡಿ, ಅದು ದುಡ್ಡಿನ ಮಾತು. ಉಳಿದ ನಾಲ್ಕು ಒಂದೇ ತಪ್ಪನ್ನು ನಾಲ್ಕು ಕಡೆ ಮಾಡುತ್ತವೆ: ನೀರಾವಿ ಹೊರಗೆ ಹೋಗುವ ದಾರಿ ಮುಚ್ಚುತ್ತವೆ.

ಈ ಗೋಡೆಗೆ ತಳದಲ್ಲಿ ತೇವ ತಡೆಯುವ ಪದರ ಇಲ್ಲ. ನೆಲದ ತೇವ ಗೋಡೆಯೊಳಗೆ ಏರುತ್ತದೆ, ಸುಣ್ಣದ ಗಿಲಾಯದ ಮೂಲಕ ಆರಿಹೋಗುತ್ತದೆ. ಕಟ್ಟಿದವರ ಲೆಕ್ಕ ಅದೇ ಆಗಿತ್ತು. ಸಿಮೆಂಟ್ ಹಚ್ಚಿದ ಮೇಲೆ ತೇವಕ್ಕೆ ಆ ನಾಲ್ಕು ಫೂಟಿನಲ್ಲಿ ದಾರಿ ಇಲ್ಲ. ಅದು ಐದನೇ, ಆರನೇ ಫೂಟಿಗೆ ಏರುತ್ತದೆ. ಜೊತೆಗೆ ಬಂದ ಉಪ್ಪು ಸಿಮೆಂಟಿನ ಬೆನ್ನಿಗೆ ಹರಳುಗಟ್ಟಿ ಗಿಲಾಯವನ್ನು ಒಳಗಿನಿಂದ ತಳ್ಳುತ್ತದೆ. ನಿಮಗೆ ಕಾಣುತ್ತಿರುವ ಉಬ್ಬು ಅದು. ಅದರ ಮೇಲೆ ಇನ್ನೊಂದು ಸಲ ವಾಟರ್‌ಪ್ರೂಫ್ ಹಚ್ಚಿದರೆ ಉಬ್ಬು ಕಿಟಕಿಯ ಮಟ್ಟಕ್ಕೆ ಬರುತ್ತದೆ, ಅಷ್ಟೇ. ಫರಸಿಯ ಮೇಲೆ ವಿಟ್ರಿಫೈಡ್ ಹಾಕಿದರೂ ಇದೇ ಕತೆ. ಈಗ ಫರಸಿಯ ಸಂದಿಯಿಂದ ಆರುತ್ತಿರುವ ತೇವ ಬದಿಗೆ ಸರಿದು ಗೋಡೆ ಹಿಡಿಯುತ್ತದೆ.

ಮಾಡಬೇಕಾದ್ದು ಹೀಗೆ. ಸಿಮೆಂಟನ್ನು ಉಳಿ ಮತ್ತು ಸಣ್ಣ ಸುತ್ತಿಗೆಯಿಂದ ತೆಗೆಸಿ. ಬ್ರೇಕರ್ ಬೇಡ, ಅದು ಕಲ್ಲಿನ ನಡುವಿನ ಸುಣ್ಣವನ್ನೂ ಅಲುಗಿಸುತ್ತದೆ. ತೇವದ ಗೆರೆಗಿಂತ ಒಂದೂವರೆ ಫೂಟು ಮೇಲಿನವರೆಗೆ ಬಿಚ್ಚಿ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ ಹೊರಗೆ ಒಯ್ಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಆಮೇಲೆ ಒಂದು ಬೇಸಿಗೆ ಪೂರ್ತಿ ಗೋಡೆ ಬರಿಮೈಯಲ್ಲಿ ಇರಲಿ. ನೋಡಲು ಚೆಂದ ಇರುವುದಿಲ್ಲ, ಮಂದಿ ಕೇಳುತ್ತಾರೆ, ಕೇಳಲಿ.

ಹೊಸ ಗಿಲಾಯಕ್ಕೆ ಒಂದು ಪಾಲು ಸುಣ್ಣದ ತಿಳಿಗಾರೆ (ಲೈಮ್ ಪುಟ್ಟಿ), ಮೂರು ಪಾಲು ತೊಳೆದ ಉಸುಕು. ಉಸುಕಿನಲ್ಲಿ ಆರನೇ ಒಂದರಷ್ಟರ ಬದಲು ಇಟ್ಟಿಗೆ ಪುಡಿ, ಅಂದರೆ ಸುರ್ಕಿ. ಅರಳಿಸಿದ ಸುಣ್ಣ ಕನಿಷ್ಠ ಒಂದು ತಿಂಗಳು ನೀರಿನಡಿ ಇರಬೇಕು. ಅರೆಬೆಂದ ಹರಳು ಉಳಿದಿದ್ದರೆ ಗೋಡೆಯ ಮೇಲೆ ಅರಳಿ ಕಡಲೆಕಾಳಿನಷ್ಟು ಗುಳಿ ಬೀಳುತ್ತದೆ. ಅದಕ್ಕೇ ಅರಳಿಸಿದ ಮೇಲೆ ಸೋಸಬೇಕು. 10ರಿಂದ 12 ಮಿ.ಮೀ. ದಪ್ಪದ ಎರಡು ಪದರ, ನಡುವೆ ವಾರ-ಹತ್ತು ದಿನ ಬಿಡುವು, ಕೊನೆಗೆ 3 ಮಿ.ಮೀ. ನುಣುಪು. ನಿಮ್ಮ ಅಳತೆಗೆ ಒಳ-ಹೊರ ಸೇರಿ ನಾಲ್ಕು ಫೂಟಿನ ಪಟ್ಟಿ ಸುಮಾರು 135 ಚದರ ಮೀಟರ್. 25 ಮಿ.ಮೀ. ದಪ್ಪಕ್ಕೆ 3.4 ಘನ ಮೀಟರ್ ಉಸುಕು-ಸುರ್ಕಿ, 1.1 ಘನ ಮೀಟರ್ ತಿಳಿಗಾರೆ ಬೇಕು. ಮೇಲಿನ ಒಂದೂವರೆ ಫೂಟಿಗೆ ಮೂರನೇ ಒಂದು ಪಾಲು ಹೆಚ್ಚಿಗೆ ಹಿಡಿಯಿರಿ. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲು ಸಿಗುತ್ತದಲ್ಲ, ದೂರ ಹೋಗಬೇಕಿಲ್ಲ.

ಗಿಲಾಯ ಸೀಳುವುದು ಬಹುಪಾಲು ಒಣಗುವ ಅವಸರಕ್ಕೆ. ಗೋಣಿಚೀಲ ಇಳಿಬಿಟ್ಟು ದಿನಕ್ಕೆ ಮೂರ್ನಾಲ್ಕು ಸಲ ಹನಿಸುತ್ತ ಹತ್ತು ದಿನ ಕಾಯಬೇಕು. ಏಪ್ರಿಲ್‌ನ ಗದಗಿನ ಬಿಸಿಗಾಳಿಯಲ್ಲಿ ಇದು ಆಗದ ಮಾತು. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಬೆರೆಸುವ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಳತೆ ಬಲ್ಲ ಗವಂಡಿ ಸಿಕ್ಕರೆ ಸರಿ, ಇಲ್ಲದಿದ್ದರೆ ಬಿಡಿ. ಬಣ್ಣ ಅಂದರೆ ಸುಣ್ಣವೇ, ಐದಾರು ತೆಳು ಕೈ. ಎಮಲ್ಶನ್ ಅಂದರೆ ಗೋಡೆಗೆ ಪ್ಲಾಸ್ಟಿಕ್ ಚೀಲ ತೊಡಿಸಿದಂತೆ.

ಇನ್ನೊಂದು ಸಣ್ಣ ಮಾತು: ಫರಸಿ ಸುಣ್ಣಕಲ್ಲು. ಕಲೆ ತೆಗೆಯಲು ಪಾಯಖಾನೆಯ ಆ್ಯಸಿಡ್ ಸುರಿದರೆ ಬುಸುಬುಸು ನೊರೆ ಬಂದು ಮೈಯೇ ಕರಗುತ್ತದೆ. ಸಡಿಲಾದ ಕಲ್ಲನ್ನಷ್ಟೇ ಎತ್ತಿ ಸುಣ್ಣದ ಗಾರೆಯಲ್ಲಿ ಕೂಡಿಸಿ.

ಎರಿಹೊಲ

ಗ್ವಾಡಿ ಮಾತು ಮುಗೀತು, ಈಗ ಅದರ ಕೆಳಗ ನೋಡ್ರಿ. ಬಿರುಕು ಮ್ಯಾಲೆ ಅಗಲ, ಕೆಳಗ ಸಣ್ಣ ಐತಿ ಅಂದ್ರ ಆ ಮೂಲಿ ಕೆಳಗ ಕುಂತೈತಿ. ನಡಕಿನ ಗ್ವಾಡಿ ಕುಂತಿದ್ರ ಉಲ್ಟಾ ಇರ್ತಿತ್ತು, ಕೆಳಗ ಅಗಲ, ಮ್ಯಾಲೆ ಸಣ್ಣ. ಎರಿ ಮಣ್ಣು ನೀರು ಕುಡದ್ರ ಉಬ್ಬತೈತಿ, ಆರಿದ್ರ ಸೊರಗತೈತಿ. ಬ್ಯಾಸಿಗ್ಯಾಗ ಹೊಲದಾಗ ಕೈ ಹೋಗೋವಷ್ಟು ಬಾಯಿ ಬಿಡೂದು ಅದ ಮಣ್ಣು. ಬೇವಿನ ಮರ ಆ ಮೂಲಿಯಾಗಿನ ನೀರು ಎಳಕೊಂಡು ಅಷ್ಟ ಭಾಗ ಸೊರಗಿಸೈತಿ.

ಹಂಗಂತ ಮರ ಕಡಿಬ್ಯಾಡ್ರಿ. ಎಲ್ಲಾರೂ ಮಾಡೂ ತಪ್ಪ ಅದು. ಮರ ಹೋದ ಕೂಡ್ಲೆ ನೀರು ಎಳಿಯಾವ್ರು ಯಾರೂ ಇಲ್ಲ, ಒಣಗಿದ್ದ ಮಣ್ಣು ಎರಡು ಮೂರು ಮಳಿಗಾಲದಾಗ ಮತ್ತ ಉಬ್ಬಿ ಅದ ಮೂಲೀನ ಮ್ಯಾಲೆ ಎತ್ತತೈತಿ. ವರ್ಷಕ್ಕ ಮೂರನೇ ಒಂದು ಪಾಲಿನಷ್ಟು ಟೊಂಗಿ ಇಳಸ್ರಿ, ಸಾಕು.

ಮಣ್ಣು ಎಷ್ಟು ಕೆಟ್ಟೈತಿ ಅಂತ ಮನ್ಯಾಗ ನೋಡಬಹುದು. ಪಾಯಾದ ಆಳದ ಮಣ್ಣು ತಂದು ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡೀರಿ. ಹತ್ತು ಹತ್ತು ಗ್ರಾಂ ಎರಡು ಅಳತಿ ಗಾಜಿನ ನಳಗ್ಯಾಗ ಹಾಕಿ, ಒಂದಕ್ಕ ನೀರು, ಇನ್ನೊಂದಕ್ಕ ಸೀಮೆಎಣ್ಣಿ. ಗಾಳಿಗುಳ್ಳಿ ಹೋಗೂಹಂಗ ಕಲಿಸಿ 24 ತಾಸು ಬಿಡ್ರಿ. ಸೀಮೆಎಣ್ಣ್ಯಾಗ ಮಣ್ಣು ಉಬ್ಬೂದಿಲ್ಲ. ಅಲ್ಲಿ 10 ಇದ್ದದ್ದು ನೀರಾಗ 15 ಆತಂದ್ರ 50 ಪ್ರತಿಶತ. ಅದಕ್ಕೂ ಮ್ಯಾಲಿದ್ರ ಭಾಳ ಉಬ್ಬೂ ಮಣ್ಣು. ಕಾಗದದ ಮ್ಯಾಲೆ ವರದಿ ಬೇಕಂದ್ರ ಹುಬ್ಬಳ್ಳಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್‌ಡಿಎಂ ಇಂಜಿನಿಯರಿಂಗ್ ಕಾಲೇಜು, ಇಂಥಲ್ಲಿ ಸಿವಿಲ್ ವಿಭಾಗದಾಗ ವಿಚಾರಸ್ರಿ.

ಬಿರುಕಿಗೆ ಈಗ ಏನೂ ತುಂಬಬ್ಯಾಡ್ರಿ. ಎರಡೂ ಬದಿ ಒಂದೊಂದು ಹಿತ್ತಾಳಿ ಮೊಳಿ ಬಡದು, ತಿಂಗಳಿಗೊಮ್ಮೆ ಕ್ಯಾಲಿಪರ್ ಹಚ್ಚಿ ನಡುವಿನ ಅಂತರ ಬರಕೋರಿ. ಹನ್ನೆರಡು ತಿಂಗಳು. ಮೇ ತಿಂಗಳದಾಗ ಅಗಲ ಆಗಿ ಸಪ್ಟೆಂಬರ್‌ನಾಗ ಕೂಡಿತು ಅಂದ್ರ ಅದು ಮಣ್ಣಿನ ಉಸಿರಾಟ, ನೀರು ಸರಿ ಮಾಡಿದ್ರ ಕಡಿಮಿ ಆಗತೈತಿ. ಒಂದ ಕಡೆ ಅಗಲ ಆಗಕೋತ ಹೊಂಟ್ರ, ಇಲ್ಲಾ ತೂಕದ ಗುಂಡು ಇಳಿಬಿಟ್ಟು ನೋಡಿದಾಗ ಗ್ವಾಡಿ 25 ಮಿ.ಮೀ. ವಾಲಿದ್ರ, ಆವಾಗ ಸ್ಟ್ರಕ್ಚರಲ್ ಇಂಜಿನಿಯರ್ ಬರಬೇಕು. ಹೊಲಿಗಿ ಹಾಕೂದು ಆಮ್ಯಾಲಿನ ಕೆಲಸ: 6 ಮಿ.ಮೀ. ಸ್ಟೇನ್‌ಲೆಸ್ ಸುರುಳಿ ಸರಳು, ಬಿರುಕಿನ ಎರಡೂ ಕಡೆ ಅರ್ಧ ಮೀಟರ್, ಸುಣ್ಣದ ಗ್ರೌಟಿನ್ಯಾಗ.

ಪಾಯಾಪಕ್ಕಾ

ಇಷ್ಟೆಲ್ಲ ಕಾಯುವ ಬದಲು ಆ ಮೂಲೆಗೆ ನಾಲ್ಕು ಮೈಕ್ರೊಪೈಲ್ (ಆಳಕ್ಕೆ ಇಳಿಸುವ ಸಣ್ಣ ಕಂಬ) ಇಳಿಸಿದರೆ ಒಂದೇ ವಾರದಲ್ಲಿ ಮುಗಿಯುತ್ತದಲ್ಲ?

ಎರಿಹೊಲ

ಮುಗಿಯೂದಿಲ್ಲ, ಅಲ್ಲಿಂದ ಶುರು ಆಗತೈತಿ. ಎರಿ ನೆಲದಾಗ ಮೂರೂವರಿ ಮೀಟರ್ ತನಕ ಮಣ್ಣು ಋತುಮಾನಕ್ಕ ಅಲುಗತೈತಿ ಅಂತ ಹಿಡೀತಾರ. ಒಂದು ಮೂಲಿ ಅದರ ಕೆಳಗ ಗಟ್ಟಿಯಾಗಿ ನಿಂತು, ಉಳಿದ ಕಟ್ಟಡ ಮ್ಯಾಲೆ ಕೆಳಗ ಆಡಿದ್ರ, ಪೈಲ್ ಎಲ್ಲಿಗೆ ಮುಗೀತೈತೋ ಅಲ್ಲಿಂದ ಹೊಸಾ ಬಿರುಕು ಏಳತೈತಿ. ಮಾಡಿದ್ರ ಇಡೀ ಕಟ್ಟಡಕ್ಕ ಮಾಡಬೇಕು. ಹಳೆ ಕಲ್ಲಿನ ಕಟ್ಟಡಕ್ಕ ಅದು ಬೇಕಾಗೂದು ಅಪರೂಪ.

ಹಂಚುರೀಪು

ಮಣ್ಣಿಗೆ ನೀರು ಎಲ್ಲಿಂದ ಬರುತ್ತಿದೆ ಅನ್ನುವುದಕ್ಕೆ ಮೇಲೆ ನೋಡಿ. ಸೂರು ಸೇರಿಸಿ ನಿಮ್ಮ ಮಾಡಿನ ನೆರಳು ಸುಮಾರು 226 ಚದರ ಮೀಟರ್. 50 ಮಿ.ಮೀ. ಸುರಿದ ಒಂದು ಅಡ್ಡಮಳೆಗೆ 11,300 ಲೀಟರ್. ಸೂರಿನಂಚಿಗೆ ಮಳೆನೀರು ಹಿಡಿಯುವ ದೋಣಿ (ಗಟರ್) ಇಲ್ಲದಿದ್ದರೆ ಅದೆಲ್ಲ ಎರಡು ಗೆರೆಯಲ್ಲಿ, ಗೋಡೆಯಿಂದ ಎರಡು ಫೂಟು ಆಚೆ, ನೇರ ಪಾಯಾದ ಮಗ್ಗುಲಿಗೆ ಬೀಳುತ್ತದೆ. ದೋಣಿ ಹಾಕುವುದು ಈ ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ದೊಡ್ಡ ಲಾಭದ ಬಾಬು. ಆರು ಇಂಚಿನ ಅರೆವೃತ್ತದ ದೋಣಿ, 200ಕ್ಕೆ 1 ಇಳಿಜಾರು, ಒಂದೊಂದು ಬದಿಗೆ ಮೂರು 110 ಮಿ.ಮೀ. ಇಳಿಪೈಪು. ಕೊಕ್ಕೆಯನ್ನು ಕೈಮರದ ತುದಿಗೆ ಹೊಡೆಯಿರಿ, ಅಲಂಕಾರದ ಹಲಗೆಗೆ ಅಲ್ಲ. ಹಲಗೆ ಎರಡು ಮಳೆಗಾಲದಲ್ಲಿ ಜೋಲುತ್ತದೆ. ನೀರು ತುಂಬಿಡುವುದಾದರೆ ನೆಲದ ಮೇಲಿನ ಟಾಕಿ. ನೆಲದೊಳಗಿನ ತೊಟ್ಟಿ ಎರೆ ಮಣ್ಣಿನಲ್ಲಿ ಸೀಳಿ ಸೋರಿದರೆ ಗೊತ್ತೂ ಆಗುವುದಿಲ್ಲ.

ಗೋಡೆಯ ಸುತ್ತ ಒಂದೂವರೆ ಮೀಟರ್ ಅಗಲದ ಕಲ್ಲುಹಾಸು ಬೇಕು. ಒಂದು ಫೂಟು ಗರಸು ಕುಟ್ಟಿ, ಮೇಲೆ ಫರಸಿ, ಸಂದಿಗೆ ಸುಣ್ಣ, 30ಕ್ಕೆ 1 ಇಳಿಜಾರು, ತುದಿಯಲ್ಲಿ ಕಾಲುವೆ. ಕಾಂಕ್ರೀಟ್ ಹಾಸನ್ನು ಗೋಡೆಗೆ ಅಂಟಿಸಿ ಹಾಕಿದರೆ ಅಡಿಯ ತೇವ ಪೂರ್ತಿ ಗೋಡೆಗೇ ಬರುತ್ತದೆ. ಗೋಡೆ ಬುಡಕ್ಕೆ ಜಲ್ಲಿ ತುಂಬಿದ ಕಂದಕ ತೋಡುವುದು ಬೇರೆ ಮಣ್ಣಿಗೆ ಒಳ್ಳೆಯದು. ಎರೆ ಮಣ್ಣಿಗೆ ಅದು ಪಾಯಾಕ್ಕೆ ನೀರು ಕುಡಿಸುವ ಕೊಳವೆ. ಪಾಯಖಾನೆಯನ್ನೂ ಚರ್ಚಿನ ಮಗ್ಗುಲಿಗೆ ಒರಗಿಸಬೇಡಿ, ಬೇರೆಯಾಗಿ ಐದು ಮೀಟರ್ ಆಚೆ ಇರಲಿ.

ಇನ್ನು ಹಂಚು. 40 ಡಿಗ್ರಿ ಇಳಿಜಾರಿಗೆ ಎರಡೂ ಮೈ ಸೇರಿ ಸುಮಾರು 300 ಚದರ ಮೀಟರ್, ಚದರ ಮೀಟರಿಗೆ 15ರಂತೆ 4,500 ಹಂಚು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೆ ಹನ್ನೊಂದು ಟನ್ನಿನ ಮೇಲೆ. ಮಳೆ ಕುಡಿದಾಗ ಇನ್ನೆರಡು ಟನ್. ಇಷ್ಟು ಭಾರ ಹೊತ್ತ ಕೈಂಚಿಗೆ ಯಾವ ಸಂಕಟ ಇದ್ದರೂ ಅದು ಗೋಡೆಯೊಳಗೆ ಹುದುಗಿದ ಅಡ್ಡತೊಲೆಯ ತುದಿಯಲ್ಲಿ ಇರುತ್ತದೆ. ಆರು ಕೈಂಚಿ, ಹನ್ನೆರಡು ತುದಿ. ಒಂದೊಂದನ್ನೂ ದಪ್ಪ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೊನೆ ಅರ್ಧ ಇಂಚು ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ. ಅಷ್ಟು ಭಾಗ ಓರೆಯಾಗಿ ಕೊಯ್ದು ಹಳೆ ಸಾಗವಾನಿಯನ್ನೇ ಬೆಸೆದು ಬೋಲ್ಟ್ ಹಾಕಿಸಿ. ತುದಿಯ ಸುತ್ತ ಮುಕ್ಕಾಲು ಇಂಚು ಗಾಳಿ ಆಡಲು ಬಿಡಿ. ಸಿಮೆಂಟಿನಿಂದ ಬಿಗಿದರೆ ಹೊಸ ತುಂಡೂ ಕೊಳೆಯುತ್ತದೆ. ಒರಲಿ ಇದ್ದರೆ ಗೋಡೆ ಬುಡಕ್ಕೆ ಇಮಿಡಾಕ್ಲೊಪ್ರಿಡ್ ಕೀಟನಾಶಕ, 30.5 ಪ್ರತಿಶತದ್ದು, ಲೀಟರ್ ನೀರಿಗೆ 2.1 ಮಿ.ಲೀ. ಬಾವಿ ಹತ್ತಿರ ಇದ್ದರೆ ಆ ಬದಿ ಹಾಕಿಸಬೇಡಿ.

ಫಾಲ್ಸ್ ಸೀಲಿಂಗ್ ಯಾಕೆ ಬೇಡ ಅಂದರೆ ಇದಕ್ಕೇ: ಸೋರಿಕೆ, ಒರಲಿ, ಕೊಳೆತ ಎಲ್ಲ ಅದರ ಹಿಂದೆ ಮರೆಯಾಗುತ್ತದೆ. ಬಿಸಿಗಾಳಿ ಮೇಲೇರಿ ಹಂಚಿನ ಸಂದಿಯಿಂದ ಹೋಗುವುದೂ ನಿಲ್ಲುತ್ತದೆ, ಆಮೇಲೆ ಎಸಿ ಬೇಕೇ ಬೇಕು ಅನಿಸುತ್ತದೆ.

ಒಡೆದ ಹಂಚು ಬದಲಿಸುವಾಗ ಹಳೆ-ಹೊಸ ಬೆರೆಸಬೇಡಿ. ಒಂದೊಂದು ಕಾರ್ಖಾನೆಯ ಹಂಚಿಗೆ ತೋಡಿನ ಅಳತೆ ಒಂದೊಂದು. ಎರಡು ಮೂರು ಮಿ.ಮೀ. ವ್ಯತ್ಯಾಸ ಸಾಕು, ಕಚ್ಚಿಕೊಳ್ಳುವುದಿಲ್ಲ, ಗಾಳಿಮಳೆಗೆ ಅಲ್ಲೇ ಸೋರುತ್ತದೆ. ಗಟ್ಟಿ ಇರುವ ಹಳೆಯದನ್ನೆಲ್ಲ ಸೇರಿಸಿ ರಸ್ತೆಯ ಕಡೆ ಇಳಿಜಾರಿಗೆ, ಹೊಸದನ್ನು ಹಿಂಬದಿಗೆ ಹಾಕಿಸಿ. ಹೊಸ ಹಂಚನ್ನು ಮೊದಲು ನೆಲದ ಮೇಲೆ ಹತ್ತು ಜೋಡಿಸಿ ಅಳೆದು, ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರ ಅದರ ಮೇಲೆ ನಿರ್ಧರಿಸಿ. ಸಾಮಾನ್ಯವಾಗಿ 320 ಮಿ.ಮೀ. ಬರುತ್ತದೆ, ಆದರೆ ಅಳೆಯದೆ ಮೊಳೆ ಹೊಡೆಯಬೇಡಿ.

ಬೆಟಗೇರಿಮಗ್ಗ

ಉದುರಿದ ಹಂಚಿನ ಅಡಿಯಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865 ಅಂತ ಅಚ್ಚು ಇದೆ. ಅಂದರೆ ಮಾಡು 1865ರದ್ದೇ? ದನಿ ಮತ್ತು ಪರವಾನಗಿಯ ಬಗ್ಗೆ ಯಾರಾದರೂ ಹೇಳಿ.

ಹಂಚುರೀಪು

ಅಲ್ಲ. 1865 ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಬಂದ ಹಂಚುಗಳ ಮೇಲೂ ಅದೇ ಅಚ್ಚು. ಅದನ್ನು ನಂಬಿ ಬಾಗಿಲ ಮೇಲೆ ವರ್ಷ ಕೆತ್ತಿಸಬೇಡಿ. ಅಚ್ಚು ಇರುವ ಗಟ್ಟಿ ಹಂಚು ನಾಲ್ಕೈದು ತೆಗೆದಿಡಿ, ಓದುವ ಮನೆಯ ಕಪಾಟಿನಲ್ಲಿ ಚೆನ್ನಾಗಿರುತ್ತವೆ.

ತಂಬೂರಿಶ್ರುತಿ

ದನಿಯ ಲೆಕ್ಕ ಸುಲಭ. ಪ್ರತಿಧ್ವನಿಯ ಕಾಲ = 0.161 × ಒಳಗಿನ ಘನ ಅಳತೆ ÷ ಒಟ್ಟು ಹೀರಿಕೆ (ಚದರ ಮೀಟರ್ ಲೆಕ್ಕದಲ್ಲಿ). ನಿಮ್ಮದು 1,053 ಘನ ಮೀಟರ್, ಅಂದರೆ ಮೇಲಿನ ಸಂಖ್ಯೆ 170. ಸುಣ್ಣದ ಗೋಡೆ, ಫರಸಿ ಎರಡೂ ದನಿ ಹೀರುವುದು ನೂರಕ್ಕೆ ಎರಡು ಮೂರು ಪಾಲು, ಒಟ್ಟು 11. ಸಂದಿಸಂದಿ ಇರುವ ಹಂಚಿನ ಮಾಡು 33, ಬೆಂಚು 5. ಕೂಡಿದರೆ 49, ಖಾಲಿ ಹಾಲಿನಲ್ಲಿ ಮೂರೂವರೆ ಸೆಕೆಂಡು. ನೂರು ಜನ ಕೂತರೆ ತಲಾ 0.45ರಂತೆ ಇನ್ನು 45, ಆಗ 1.8 ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟ ಕೇಳಲು ಒಂದು ಸೆಕೆಂಡಿನ ಸುತ್ತಮುತ್ತ ಬೇಕು.

60 ಚದರ ಮೀಟರ್ ಹೀರುಪಟ್ಟಿ ಹಾಕಿದರೆ 1.2ಕ್ಕೆ ಬರುತ್ತದೆ, ಅಷ್ಟಕ್ಕೇ ನಿಲ್ಲಿಸಿ. ಸಂಗೀತದ ಕ್ಲಾಸು ಇದೆಯಲ್ಲ, ಪೂರ್ತಿ ಸತ್ತ ಕೋಣೆಯಲ್ಲಿ ತಂಬೂರಿ ಕೇಳುವುದಕ್ಕೆ ಹಿಂಸೆ. ಎರಡು ಫೂಟು-ನಾಲ್ಕು ಫೂಟಿನ ಸುಮಾರು 80 ಪಟ್ಟಿ: ಮರದ ಚೌಕಟ್ಟು, ಒಳಗೆ 50 ಮಿ.ಮೀ. ರಾಕ್‌ವುಲ್ (ಕಲ್ಲಿನ ಎಳೆಯ ಹಾಸು), ಘನ ಮೀಟರಿಗೆ 48 ಕಿಲೋ ಸಾಂದ್ರತೆಯದ್ದು, ಅದರ ಮೇಲೆ ನೂಲು ಉದುರದಂತೆ ತೆಳು ನಾನ್‌ವೋವನ್, ಹೊರಗೆ ಖಾದಿ. ಹುಬ್ಬಳ್ಳಿ ಬೆಂಗೇರಿಯ ಖಾದಿ ಹತ್ತಿರದಲ್ಲೇ ಇದೆ. ಥರ್ಮೋಕೋಲ್ ಬೇಡ, ಮೊಟ್ಟೆ ಟ್ರೇ ಬೇಡ. ಎರಡೂ ದನಿ ಹೀರುವುದಿಲ್ಲ, ಬೆಂಕಿ ಮಾತ್ರ ಚೆನ್ನಾಗಿ ಹಿಡಿಯುತ್ತವೆ.

ಎಲ್ಲಿ ಹಾಕುವುದು? ಮಾತಾಡುವವರ ಎದುರಿನ ಗೋಡೆ, ಅಂದರೆ ಮುಖ್ಯ ಬಾಗಿಲಿನ ಮೇಲಿನ ಭಾಗ ಮೊದಲು. ತಡವಾಗಿ ವಾಪಸು ಬರುವ ದನಿ ಅಲ್ಲಿಂದಲೇ. ಉಳಿದದ್ದು ಕೈಂಚಿಗಳ ನಡುವೆ, ಹಂಚಿಗಿಂತ ಒಂದು ಫೂಟು ಕೆಳಗೆ ತೂಗಿ. ಚದರ ಮೀಟರಿಗೆ ಐದು ಕಿಲೋ ಹಿಡಿದರೂ ಎಲ್ಲ ಸೇರಿ 300 ಕಿಲೋ. ಹಂಚಿನ ಭಾರದ ಮುಂದೆ ಲೆಕ್ಕಕ್ಕಿಲ್ಲ. ತೂಗುವ ಕೊಂಡಿ ತೊಲೆಗೆ ತೂತು ಕೊರೆಯದೆ, ಪಟ್ಟಿ ಸುತ್ತಿ ಬಿಗಿಯುವಂಥದ್ದು ಇರಲಿ.

ಸ್ಪೀಕರ್: ಮೂಲೆಗೆ ಎರಡು ದೊಡ್ಡ ಡಬ್ಬ ಇಟ್ಟರೆ ಮಾಡಿಗೆ ಹೊಡೆದು ಮತ್ತೆ ಗುಂಯ್. ಉದ್ದನೆಯ ಕಂಬದ ಸ್ಪೀಕರ್ ಎರಡು, ಕೂತವರ ಕಿವಿಯ ಮಟ್ಟಕ್ಕೆ.

ವಿದ್ಯುತ್ತಿಗೆ ಗೋಡೆ ಕೊರೆಯಬೇಡಿ. ಮೇಲ್ಮೈ ಕಂಡ್ಯೂಟ್, ಕಲ್ಲಿಗಲ್ಲ, ಸುಣ್ಣದ ಸಂದಿಗೆ ಸ್ಕ್ರೂ. ಲೋಡ್ ನೋಡಿ: 20 ವಾಟಿನ 24 ಎಲ್‌ಇಡಿ, 35 ವಾಟಿನ 12 ಬಿಎಲ್‌ಡಿಸಿ ಫ್ಯಾನ್, ಇಪ್ಪತ್ತು ಲ್ಯಾಪ್‌ಟಾಪ್, ಧ್ವನಿವರ್ಧಕ ಎಲ್ಲ ಸೇರಿ ಮೂರು ಕಿಲೋವಾಟ್ ದಾಟುವುದಿಲ್ಲ. ನಾಲ್ಕು ಎಸಿ ಬಂದರೆ ಅದರ ಮೇಲೆ ಇನ್ನು ಎಂಟು ಒಂಬತ್ತು ಕಿಲೋವಾಟ್, ಹೆಸ್ಕಾಂಗೆ ಹೊಸ ಅರ್ಜಿ, ಮೂರು ಫೇಸ್. 30 ಮಿಲಿಆ್ಯಂಪಿಯರ್ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಮತ್ತು ಒಳ್ಳೆಯ ಅರ್ಥಿಂಗ್ ಮಾತ್ರ ಬಿಡಬೇಡಿ. ಹಳೆ ವೈರು, ಒಣ ಸಾಗವಾನಿ ಒಂದೇ ಮಾಡಿನಡಿ ಇವೆ.

ಕಡತಕಟ್ಟು

ಕಾಗದಪತ್ರ. ಮೊದಲು ಉತಾರ (ಆಸ್ತಿ ದಾಖಲೆ) ತೆಗೆದು ಮಾಲೀಕರ ಹೆಸರು ನೋಡಿ. ಇಲ್ಲಿನ ಬಾಸೆಲ್ ಮಿಶನ್ ಚರ್ಚುಗಳು ಬಹುಪಾಲು ಈಗ ಸಿಎಸ್‌ಐಗೆ ಸೇರಿದವು; ಸಿಎಸ್‌ಐ ಚರ್ಚುಗಳ ಆಸ್ತಿ ಸಾಮಾನ್ಯವಾಗಿ ಚರ್ಚ್ ಆಫ್ ಸೌತ್ ಇಂಡಿಯಾ ಟ್ರಸ್ಟ್ ಅಸೋಸಿಯೇಶನ್ ಹೆಸರಿನಲ್ಲಿ ಇರುತ್ತದೆ. ಹಾಗಿದ್ದರೆ ಸ್ಥಳೀಯ ಸಭೆಯ ಕಮಿಟಿಗೂ ಸಭಾಪಾಲಕರಿಗೂ ಬಾಡಿಗೆ ಕರಾರಿಗೆ ಸಹಿ ಹಾಕುವ ಅಧಿಕಾರ ಇಲ್ಲ. ಕಮಿಟಿಯ ಠರಾವು, ಅದರ ಮೇಲೆ ಡಯೋಸಿಸ್‌ನ (ಬಿಷಪ್ಪರ ಆಡಳಿತ ಪ್ರಾಂತದ) ಲಿಖಿತ ಒಪ್ಪಿಗೆ, ಈ ಕ್ರಮದಲ್ಲಿ ಹೋಗಿ. ಠರಾವಿನಲ್ಲಿ ಏನಕ್ಕೆ ಕೊಡುವುದಿಲ್ಲ ಅನ್ನುವುದನ್ನೂ ಬರೆಯಿರಿ: ರಾಜಕೀಯ ಸಭೆ, ಊಟ-ಮದ್ಯ, ರಾತ್ರಿ ಇಂತಿಷ್ಟು ಗಂಟೆಯ ಮೇಲೆ. ಆಮೇಲೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನುವ ಜಗಳ ಅಲ್ಲಿಂದಲೇ ಹುಟ್ಟುವುದು. (ಕ್ಯಾಥೋಲಿಕ್ ಇಗರ್ಜಿ ಆಗಿದ್ದರೆ ದಾರಿ ಬೇರೆ. ಕ್ಯಾನನ್ ಕಾನೂನಿನ 1222ನೇ ಕಲಮಿನ ಪ್ರಕಾರ ಇಗರ್ಜಿಯನ್ನು ಲೌಕಿಕ ಬಳಕೆಗೆ ಬಿಡುವ ತೀರ್ಮಾನ ಬಿಷಪ್ಪರದು, ಆ ಬಳಕೆ ಹೀನವಾದದ್ದೂ ಆಗಿರಕೂಡದು.)

ಆರಾಧನೆ ಉಳಿಸಿಕೊಂಡು ಹಂಚಿಕೊಳ್ಳುತ್ತಿರುವುದು ಜಾಣತನ. 1991ರ ಪೂಜಾಸ್ಥಳಗಳ ಕಾಯ್ದೆ 1947ರ ಆಗಸ್ಟ್ 15ರಂದು ಇದ್ದ ಧಾರ್ಮಿಕ ಸ್ವರೂಪ ಹಾಗೇ ಮುಂದುವರಿಯಬೇಕು ಅನ್ನುತ್ತದೆ. ಓದುವ ಮನೆ ಅದನ್ನು ಕೆಡಿಸುವುದಿಲ್ಲ. ಚರ್ಚನ್ನು ಪೂರ್ತಿ ಮುಚ್ಚಿ ಬೇರೆ ಹೆಸರಿಡಲು ಹೊರಟರೆ ಪ್ರಶ್ನೆಗಳು ಏಳುತ್ತವೆ.

ತೆರಿಗೆ. ಪೂಜೆಗೆ ಮೀಸಲು ಅಂತ ಆಸ್ತಿ ತೆರಿಗೆ ವಿನಾಯಿತಿ ಇದ್ದು, ಬಾಡಿಗೆ ಬರಲು ಶುರುವಾದರೆ ನಗರಸಭೆ ಅದನ್ನು ಕೇಳಬಹುದು, ಮೊದಲೇ ಬರೆದು ತಿಳಿಸಿ. ಜಿಎಸ್‌ಟಿಯಲ್ಲಿ ನೋಂದಾಯಿತ ಧಾರ್ಮಿಕ ಟ್ರಸ್ಟಿನ ಆವರಣದ ಹಾಲಿಗೆ ದಿನದ ಬಾಡಿಗೆ ₹10,000ಕ್ಕಿಂತ ಕಡಿಮೆ ಇದ್ದರೆ ವಿನಾಯಿತಿ. ಸರಿಯಾಗಿ ಹತ್ತು ಸಾವಿರ ಇಟ್ಟರೆ ವಿನಾಯಿತಿ ಹೋಯಿತು. ಜರ್ಮನಿ, ಸ್ವಿಟ್ಜರ್ಲೆಂಡಿನ ಸ್ನೇಹಿತರು ದುಡ್ಡು ಕಳಿಸುತ್ತೇವೆ ಅಂದರೆ ಸ್ಥಳೀಯ ಖಾತೆಗೆ ಹಾಕಿಸಬೇಡಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಬೇಕು, ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಭಾರತೀಯ ಪಾಸ್‌ಪೋರ್ಟಿನ ಅನಿವಾಸಿಗಳು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ಈ ಲೆಕ್ಕಕ್ಕೆ ಬರುವುದಿಲ್ಲ.

ಗದಗಿನವರು ಮರೆಯುವ ಇನ್ನೊಂದು: ತ್ರಿಕೂಟೇಶ್ವರದಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಹಾವೇರಿಯಲ್ಲಿ ಸಿದ್ಧೇಶ್ವರ, ಹುಬ್ಬಳ್ಳಿಯಲ್ಲಿ ಉಣಕಲ್ಲಿನ ಚಂದ್ರಮೌಳೇಶ್ವರ ಹಾಗೇ. ನಿಮ್ಮ ಜಾಗ ಈ 300 ಮೀಟರಿನೊಳಗೆ ಬಂದರೆ ರಿಪೇರಿಗೂ ಅನುಮತಿ ಬೇಕು. ಪಾಯಖಾನೆಯಂಥ ಹೊಸ ಕಟ್ಟಡಕ್ಕೆ ನಿಯಂತ್ರಿತ ವಲಯದಲ್ಲಿ ಅನುಮತಿ ಕೇಳಬಹುದು, ನಿಷೇಧಿತ ವಲಯದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಜನಸಂಖ್ಯೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕಕ್ಕೆ ಕುರ್ಚಿ ಒತ್ತಿ ಹಾಕಿದರೆ ತಲೆಗೆ ಸುಮಾರು 0.65 ಚದರ ಮೀಟರ್, ಮೇಜು ಇದ್ದರೆ 1.4. ಪೀಠದ ಜಾಗ ಬಿಟ್ಟು 130 ಚದರ ಮೀಟರ್ ಉಳಿದರೆ ಸಭೆಗೆ ಇನ್ನೂರು, ಓದುವ ಮನೆಗೆ ತೊಂಬತ್ತು ಮೇಲ್ಮಿತಿ. ಮುಖ್ಯ ಬಾಗಿಲು ಎಷ್ಟು ಅಗಲ, ಯಾವ ಕಡೆ ತೆರೆಯುತ್ತದೆ?

ಬೆಟಗೇರಿಮಗ್ಗ

ಎರಡು ಮೀಟರ್, ಎರಡು ಕದ, ಒಳಗೆ ತೆರೆಯುತ್ತದೆ. ಪಕ್ಕದಲ್ಲಿ ಒಂದು ಮೀಟರಿನ ಬಾಗಿಲು, ಅದರ ಮುಂದೆ ಬೆಂಚುಗಳ ರಾಶಿ.

ಕಡತಕಟ್ಟು

ಅಗಲ ಸರಿ ಇದೆ. ಹಳೆ ಕದ ತಿರುಗಿಸಿ ಕೂಡಿಸಲು ಹೋಗಬೇಡಿ, ಚೌಕಟ್ಟು ಹಾಳಾಗುತ್ತದೆ. ಜನ ಇದ್ದಷ್ಟು ಹೊತ್ತು ಎರಡೂ ಕದ ಗೋಡೆಗೆ ಕೊಂಡಿ ಹಾಕಿ ತೆರೆದಿರಬೇಕು ಅಂತ ಕೀಲಿ ಇಟ್ಟುಕೊಳ್ಳುವವರ ನಿಯಮದಲ್ಲೇ ಬರೆಯಿರಿ. ಬೆಂಚಿನ ರಾಶಿ ಇವತ್ತೇ ಸರಿಸಿ. ಇಳಿಜಾರು ದಾರಿಗೆ 12ಕ್ಕೆ 1 ಅಂದರೆ ನಿಮ್ಮ 450 ಮಿ.ಮೀ. ಕಟ್ಟೆಗೆ 5.4 ಮೀಟರ್ ಉದ್ದ. ಅದನ್ನು ಪಕ್ಕದ ಬಾಗಿಲಿಗೆ ಕೊಡಿ, ಗೋಡೆಗೆ ತಾಗಿಸದೆ ಉಕ್ಕಿನ ಚೌಕಟ್ಟಿನಲ್ಲಿ.

ಬೆಟಗೇರಿಮಗ್ಗ

ಇರುವ ಇಪ್ಪತ್ನಾಲ್ಕು ಬೆಂಚುಗಳನ್ನು ಮಾರಿ ಪ್ಲಾಸ್ಟಿಕ್ ಕುರ್ಚಿ ತರೋಣ ಅಂತ ಕೆಲವರು ಅನ್ನುತ್ತಿದ್ದಾರೆ. ಯಾವ ಕೆಲಸ ಯಾವ ತಿಂಗಳಲ್ಲಿ ಅನ್ನುವುದನ್ನೂ ಹೇಳಿ.

ಸುಣ್ಣಗಚ್ಚು

ಬೆಂಚು ಮಾರಬೇಡಿ. ಅಷ್ಟು ಅಗಲದ ಸಾಗವಾನಿ ಹಲಗೆ ಈಗ ಕೊಳ್ಳಲು ಆಗುವುದಿಲ್ಲ. ಇಪ್ಪತ್ನಾಲ್ಕರಲ್ಲಿ ಹನ್ನೆರಡನ್ನು ಪೀಠದ ಕಡೆ ಹಾಗೇ ಬಿಡಿ. ಉಳಿದ ಹನ್ನೆರಡರ ಕಾಲಿಗೆ ದಪ್ಪ ಫೆಲ್ಟ್ ಅಂಟಿಸಿ, ಎದುರುಬದುರು ಇಟ್ಟು ನಡುವೆ ಮಡಚುವ ಮೇಜು ಹಾಕಿದರೆ ಅದೇ ಓದುವ ಮನೆ. ಕರ್ತನ ಭೋಜನದ ಮೇಜು, ದೀಕ್ಷಾಸ್ನಾನದ ತೊಟ್ಟಿ, ಗೋಡೆಯ ಸ್ಮರಣಫಲಕಗಳು ಇದ್ದಲ್ಲೇ ಇರಲಿ. ಪೀಠವನ್ನು ಭಾಷಣದ ವೇದಿಕೆ ಮಾಡದೆ ಒಂದು ಪರದೆ ಎಳೆದು, ಅದರ ಮುಂದೆ ಒಂದು ಫೂಟಿನ ಎತ್ತಿ ಇಡುವ ವೇದಿಕೆ ಮಾಡಿಸಿ. ಆ ಪರದೆ ದಪ್ಪ ಬಟ್ಟೆಯದಾದರೆ ದನಿಗೂ ಆಯಿತು.

ತಿಂಗಳು: ಹಂಚು ಬಿಚ್ಚುವುದು ಕ್ರಿಸ್‌ಮಸ್ ಮುಗಿದ ಮೇಲೆ, ಜನವರಿಯಿಂದ ಮಾರ್ಚ್ ಮಧ್ಯದೊಳಗೆ. ಏಪ್ರಿಲ್ ಅಂದರೆ ಅಡ್ಡಮಳೆ, ಗಾಳಿ, ಆಣೆಕಲ್ಲು. ಅರ್ಧ ಬಿಚ್ಚಿದ ಮಾಡು ಆಗ ಇರಕೂಡದು. ಒಂದು ಸಲಕ್ಕೆ ಎರಡು ಕೈಂಚಿಯ ನಡುವಿನ ಅಂಕಣ ಮಾತ್ರ ಬಿಚ್ಚಿ, ಎರಡೂ ಇಳಿಜಾರನ್ನು ಒಟ್ಟಿಗೆ. ಒಂದೇ ಬದಿ ಪೂರ್ತಿ ಖಾಲಿ ಮಾಡಿದರೆ ಕೈಂಚಿ ಭಾರ ಇರುವ ಕಡೆ ವಾಲುತ್ತದೆ. ಅದೇ ಹೊತ್ತಿಗೆ ಕೆಳಗೆ ಸಿಮೆಂಟ್ ಗಿಲಾಯ ತೆಗೆದರೆ ಗೋಡೆಗೆ ಬೇಸಿಗೆ ಸಿಗುತ್ತದೆ. ದೋಣಿ, ಕಲ್ಲುಹಾಸು, ಕಾಲುವೆ ಮಿರ್ಗದ (ಮೃಗಶಿರಾ) ಮಳೆಗೆ ಮೊದಲು ಮುಗಿಯಲೇಬೇಕು. ವಿದ್ಯುತ್ತು, ದನಿಪಟ್ಟಿ ಮಳೆಗಾಲದಲ್ಲಿ ಒಳಗೆ ಕೂತು ಮಾಡುವ ಕೆಲಸ. ಸುಣ್ಣದ ಗಿಲಾಯ ಅಕ್ಟೋಬರ್ ನಂತರ. ಬಿರುಕಿನ ಹೊಲಿಗೆ ಎರಡನೇ ವರ್ಷಕ್ಕೆ.

ದೋಣಿ ಕಟ್ಟಿದವರ ಬಿಲ್ಲು ಪೂರ್ತಿ ಚುಕ್ತಾ ಮಾಡುವ ಮೊದಲು, ಮೊದಲ ಜೋರು ಮಳೆಗೆ ಇಬ್ಬರು ಛತ್ರಿ ಹಿಡಿದು ಹೊರಗೆ ಸುತ್ತು ಹಾಕಿ. ಎಲ್ಲಿ ನೀರು ದೋಣಿ ದಾಟಿ ಹಾರುತ್ತದೆ, ಎಲ್ಲಿ ಇಳಿಪೈಪಿನ ಬುಡದಲ್ಲಿ ನಿಲ್ಲುತ್ತದೆ, ಕಾಲುವೆ ಯಾವ ಕಡೆ ಹರಿಯದೆ ಮಡುಗಟ್ಟುತ್ತದೆ ಅಂತ ಗೋಡೆ ಮೇಲೆ ಇದ್ದಿಲಿನಿಂದ ಗುರುತು ಹಾಕಿ. ನೈಋತ್ಯ ಮೂಲೆಯನ್ನು ಎರಡು ಸಲ ನೋಡಿ.